ಅಲೆಯ ಹೊಲದಲ್ಲೊಂದು ಅಕ್ಕಡಿ ಸಾಲು

ಟವರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಒಮ್ಮೊಮ್ಮೆ ಹುಣಸೂರಿನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಲೋಟ ಕೈಗೆ ಬರುತ್ತಿದ್ದಂತೆ, "ಸಾರ್, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು?" ಎಂದು ಕೇಳುತ್ತಾರೆ. ಬಡ್ತಿ ಯಾವಾಗ ಬಂತು, ವರ್ಗ ಎಲ್ಲಿಗಾಯಿತು ಎಂದು ಶುರು ಮಾಡಿದರೆ ಕಾಫಿ ಆರಿಹೋಗುತ್ತದೆ. ಹಾಗಾಗಿ ನಾನು ಒಂದು ರೇಡಿಯೋದ ಕಥೆ ಹೇಳುತ್ತೇನೆ. ಹೇಳಿ ಹೇಳಿ ಅದು ಒರಳುಗುಂಡಿನ ಹಾಗೆ ನುಣ್ಣಗಾಗಿದೆ. ಇನ್ನೂ ಸವೆದುಹೋಗುವ ಮುಂಚೆ ಬರೆದಿಡೋಣ ಅನ್ನಿಸಿತು.

ಕಥೆಗೆ ಒಂದು ಮಾತು ಬೇಕು, ಅದು ನಮ್ಮಜ್ಜಿಯದು. ನಮ್ಮ ಊರು ಗಾವಡಗೆರೆ ಹೋಬಳಿಯದು, ಮಳೆ ನಂಬಿದ ಹೊಲಗಳ ಊರು. ನಾನು ಶಾಲೆಗೆ ಹೋಗಿ ಅಕ್ಷರ ಕಲಿತೆ, ಮಾತು ಕಲಿತದ್ದು ಅಜ್ಜಿಯ ಹಿಂದೆ ಹೊಲ ಸುತ್ತುತ್ತಾ. ರಾಗಿ ಬಿತ್ತುವಾಗ ಅಷ್ಟಷ್ಟು ಸಾಲಿಗೆ ಒಂದೊಂದು ಸಾಲು ಬಿಟ್ಟು ಅದರಲ್ಲಿ ಅವರೆಯೋ ತೊಗರಿಯೋ ಹಾಕುತ್ತಿದ್ದರು. ಅದು ಅಕ್ಕಡಿ ಸಾಲು. ರಾಗಿ ಹೊಟ್ಟೆಗಾದರೆ ಅಕ್ಕಡಿ ಸಾರಿಗೆ. ರಾಗಿ ಕೈಕೊಟ್ಟ ವರ್ಷ ಅಕ್ಕಡಿಯೇ ಕೈಹಿಡಿಯುತ್ತಿತ್ತು. "ಅಕ್ಕಡಿ ಬುಡದ ವಲ, ಅಕ್ಕ ಬರದ ತೌರು, ಎಲ್ಡೂ ಒಂದೇ ಕಣ್ ಮೊಗ," ಎನ್ನುತ್ತಿದ್ದಳು ಅಜ್ಜಿ. ನೌಕರಿಗೆ ಸೇರಿದ ಮೇಲೆ ನನಗೆ ಎಷ್ಟೋ ತರಬೇತಿ ಕೊಟ್ಟರು. ಬೇಕಾದ ದಿನ ನೆನಪಿಗೆ ಬಂದದ್ದು ಮಾತ್ರ ಈ ಮಾತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಟವರುಗಳು ನಮ್ಮ ಕಚೇರಿಯ ಪಾಲಿಗಿದ್ದವು. ಆಗಿನ ಟವರಿನ ಯಂತ್ರವೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಬಾಗಿಲು ತೆಗೆದರೆ ಒಳಗೆ ಬೆಚ್ಚಗೆ ಗಾಳಿ, ಫ್ಯಾನಿನ ಸದ್ದು, ಒಂದೊಂದು ಸಲ ಹೆಗ್ಗಣ. ಅಂತರಸಂತೆಯ ಆಚೆ, ಕಾಕನಕೋಟೆ ಕಾಡಿನ ಅಂಚಿನ ಹಳ್ಳಿಗಳಿಗಾಗಿ ನಿಲ್ಲಿಸಿದ ಟವರಿಗೆ ಹೋದಾಗಲೆಲ್ಲ ನಾನು ನಿಂಗಮ್ಮನ ಮನೆಯಲ್ಲಿ ನೀರು ಕುಡಿದೇ ಬರುತ್ತಿದ್ದೆ. ಅವಳು ನಮ್ಮ ಹೋಬಳಿಯಿಂದ ಆ ಊರಿಗೆ ಮದುವೆಯಾಗಿ ಹೋದವಳು. ನನ್ನನ್ನು ಕಂಡ ಮೊದಲ ದಿನವೇ, "ಗಾವಡಗೆರೆ ಕಡೆಯವ್ನ ನೀನು? ಅಂಗಾರೆ ನಂಗೆ ತಮ್ಮ ಆಗ್ಬೇಕು," ಎಂದು ನಂಟು ಗಂಟು ಹಾಕಿಬಿಟ್ಟಿದ್ದಳು. ಅವಳ ಖಾಸಾ ತಮ್ಮ ಜವರಪ್ಪ ಗಾವಡಗೆರೆ ಬಳಿ ಹೊಗೆಸೊಪ್ಪು ಬೆಳೆಯುತ್ತಿದ್ದ. ಅಕ್ಕ ತಮ್ಮ ಇಬ್ಬರ ಬಳಿಯೂ ಗುಂಡಿ ಒತ್ತುವ ಸಣ್ಣ ಫೋನು.

ಅವರಿಬ್ಬರೂ ಮಾತಾಡುತ್ತಿದ್ದದ್ದು ಹಬ್ಬಕ್ಕೋ ಹೆರಿಗೆಗೋ ಅಷ್ಟೆ. ದಿನಾ ಬೆಳಿಗ್ಗೆ ಮಾತ್ರ ಜವರಪ್ಪ ಒಂದು ರಿಂಗು ಕೊಟ್ಟು ಕತ್ತರಿಸುತ್ತಿದ್ದ. ಇವಳು ತಿರುಗಿಸಿ ಒಂದು ಕೊಡುತ್ತಿದ್ದಳು. ಇದ್ದೀನಿ ಎಂದು ಅವನು, ನಾನೂ ಇದ್ದೀನಿ ಎಂದು ಇವಳು.

ಒಂದು ಬೆಳಿಗ್ಗೆ ನಾನು ಅವಳ ಜಗಲಿಯ ಮೇಲೆ ಕುಳಿತಿದ್ದೆ. ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯ ಗೂಡಿನಲ್ಲಿ ಫೋನು, ಅದಕ್ಕೆ ಒತ್ತಿಕೊಂಡೇ ರೇಡಿಯೋ. ಹಾಡು ಬರುತ್ತಿತ್ತು. ಇದ್ದಕ್ಕಿದ್ದಂತೆ ಹಾಡಿನ ನಡುವೆ 'ಟಕ ಟಕ ಟರ್ರ್' ಎಂದು ರೇಡಿಯೋ ಗುರುಗುಟ್ಟಿತು. ರಾಗಿಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ನಿಂಗಮ್ಮ ಬಂದು ಕಿಟಕಿಯ ಕೆಳಗೆ ಕುಳಿತಳು.

"ಏನಕ್ಕ, ರೇಡಿಯೋ ಕೆಟ್ಟದಾ?" ಎಂದೆ.

"ಕೆಟ್ಟಿಲ್ಲ ಕಣ. ನನ್ ತಮ್ಮ ಒಂಟವ್ನೆ."

ಹೊರಟಿದ್ದಾನೆ ಅನ್ನುವುದು ನಮ್ಮ ಕಡೆ 'ಒಂಟವ್ನೆ' ಆಗುತ್ತದೆ. ಅವಳ ಮಾತು ಮುಗಿಯುವುದಕ್ಕೂ ಫೋನು ಒಂದು ಸಲ ರಿಂಗಾಗಿ ನಿಲ್ಲುವುದಕ್ಕೂ ಸರಿಹೋಯಿತು. "ಬಂದ," ಎಂದಳು.

2ಜಿ ಫೋನಿಗೆ ಕರೆ ಬರುವ ಮುಂಚೆ ಅದು ಟವರಿಗೆ ಬಿಟ್ಟು ಬಿಟ್ಟು ಉತ್ತರ ಕೊಡುತ್ತದೆ. ಆ ಬಡಿತ ಪಕ್ಕದ ರೇಡಿಯೋಗೆ ತಾಗಿ ಟಕಟಕ ಎನ್ನುತ್ತದೆ. ನಾವು ಅದನ್ನು ತೊಂದರೆ ಎಂದು ಓದಿದವರು. ನಿಂಗಮ್ಮನಿಗೆ ಅದು ತೌರಿನ ದಾರಿಯಲ್ಲಿ ಎದ್ದ ಧೂಳು. ರಿಂಗಿಗಿಂತ ಅವಳಿಗೆ ಅದೇ ಹೆಚ್ಚು ಎಂದು ಅವಳು ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ಕೆಲವು ವರ್ಷಕ್ಕೆ ಒಂದು ಆದೇಶ ಬಂತು. ನಮ್ಮ ಮೇಲಧಿಕಾರಿ ಶ್ರೀಕಂಠಯ್ಯನವರು ಕೆ.ಆರ್. ನಗರದ ಕಡೆಯವರು, ನಾಲೆ ನೀರಿನ ಗದ್ದೆಯ ಮನೆತನ. ಕನ್ನಡಕ ಹಣೆಗೇರಿಸಿ ನನ್ನನ್ನು ಕರೆದರು.

"ಸಿದ್ದಪ್ಪ, ಮೇಲಿನವರು ಇನ್ಮೇಲೆ ರೀಫಾರ್ಮಿಂಗ್, ಅಂದ್ರೆ ಮರುಬೇಸಾಯ, ಮಾಡಿ ಅಂತಾರೆ ಕಣ್ರೀ. ನಮ್ಮಪ್ಪ ಗದ್ದೆ ಕೆಲಸ ಬೇಡ ಅಂತ ನನ್ನ ಓದಿಸಿದ್ರು. ಓದಿ ಬಂದು ಮತ್ತೆ ಉಳುಮೆಗೇ ಬಿದ್ದೆ ನೋಡ್ರಿ."

"ನಿಮ್ದೇನ್ ಉಳುಮೆ ಬುಡಿ ಸಾರ್. ನಾಲೆ ನೀರು ತಿರುಗಿಸಿ ಮನೀಕೊಳ್ಳೋದು. ಮೋಡ ನೋಡಿ ನೋಡಿ ಕತ್ತು ನೋಯಿಸ್ಕಂಡೋರು ನಾವು."

"ಆ ಕತ್ತಿಗೇ ನಿಮ್ಮನ್ನ ಟವರ್ ಕೆಲಸಕ್ಕೆ ತಗೊಂಡಿರೋದು, ಮೇಲೆ ನೋಡೋಕೆ," ಎಂದರು.

ಹೊಸಬರಿಗೆ ಇಲ್ಲಿ ಒಂದು ಮಾತು. ತರಂಗಾಂತರ ಅಂದರೆ ಜಮೀನಿದ್ದ ಹಾಗೆ, ಹೊಸದಾಗಿ ಯಾರೂ ಹುಟ್ಟಿಸಲಾರರು. ಇದ್ದ ಹೊಲದಲ್ಲೇ ಹಳೆ ಬೆಳೆ ತೆಗೆದು ಹೊಸ ಬೆಳೆ ಇಡಬೇಕು. 2ಜಿ ಅಂದರೆ ತೆಳ್ಳಗಿನ ಸಾಲು ಸಾಲು. 4ಜಿಗೆ ಸಾಲು ಸಾಕಾಗದು, ಅಗಲವಾದ ಒಂದೇ ಪಟ್ಟೆ ಬೇಕು. ಆ ಪಟ್ಟೆಗೆ ಜಾಗ ಮಾಡಲು ಹಳೆಯ ಸಾಲುಗಳನ್ನು ಅಳಿಸುತ್ತಾ ಬರಬೇಕು, ನಡುವೆ ಒಂದಕ್ಕೊಂದು ನೆರಳಾಗದಂತೆ ಬದು ಬಿಡಬೇಕು. ಇನ್ನೊಂದು ಸಂಗತಿ: ಜಮೀನೆಲ್ಲ ಒಂದೇ ಸತ್ವದ್ದಲ್ಲ. ಕೆಳಗಿನ ಅಲೆ, ಅಂದರೆ ಕಡಿಮೆ ಆವರ್ತನದ್ದು, ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಮೇಲಿನದು ಹತ್ತಿರದಲ್ಲೇ ಸುಸ್ತಾಗುತ್ತದೆ. ಕಾಡಂಚಿನ ಊರುಗಳಿಗೆ ಕೆಳಗಿನ ಅಲೆಯೇ ಗತಿ. ಹೊಸ ಬೆಳೆಗೂ ಅದೇ ಹೊಲದ ಮೇಲೆ ಕಣ್ಣು.

ಮೊದಲು ಹೋದದ್ದು 3ಜಿ. ಅದಕ್ಕೆ ಅತ್ತವರು ಕಡಿಮೆ. ಬೈಲಕುಪ್ಪೆಯಲ್ಲಿ ಉಣ್ಣೆ ಬಟ್ಟೆಯ ಅಂಗಡಿ ಇಟ್ಟಿದ್ದ ಟಿಬೆಟನ್ ಹೆಂಗಸೊಬ್ಬಳು, ನಮ್ಮೂರವರಿಗಿಂತ ಚೊಕ್ಕ ಕನ್ನಡದಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ಏನ್ ಸಾರ್, ಮೂರು ಕಿತ್ತು ನಾಲ್ಕು ಹಾಕಿದ್ರಂತೆ. ನಾಳೆ ನಾಲ್ಕು ಕಿತ್ತು ಐದು ಹಾಕ್ತೀರ. ನನ್ನ ಫೋನ್‌ಗೆ ಎಣಿಸೋದು ಹೇಳ್ಕೊಡೋರು ಯಾರು?" ನಾನು ಹಲ್ಲು ಕಿರಿದೆ. ಆ ಚಳಿಗಾಲದಲ್ಲಿ ನನಗೆ ಟೋಪಿ ಹಾಕಿದವಳೂ ಅವಳೇ, ಉಣ್ಣೆಯದು.

ಪಿರಿಯಾಪಟ್ಟಣದ ಕಡೆ ಬೋರ್‌ವೆಲ್‌ಗಳ ಮೇಲೆ ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆಗಳಿದ್ದವು. ಮನೆಯಿಂದ ರಿಂಗು ಕೊಟ್ಟರೆ ಹೊಲದಲ್ಲಿ ಮೋಟಾರು ಓಡುತ್ತದೆ. ಅವಕ್ಕೆ 2ಜಿ ಬಿಟ್ಟು ಬೇರೆ ಭಾಷೆ ಬರದು. ಯಾವ ಗಣತಿಯಲ್ಲೂ ಅವು ಸೇರಿರಲಿಲ್ಲ. ಅಲ್ಲಿ ಒಂದಷ್ಟು ಸಾಲು ಅಳಿಸಿದ ವಾರ ರೈತನೊಬ್ಬ ಕಚೇರಿಗೇ ಬಂದು, "ಸಾರ್, ಎಷ್ಟು ರಿಂಗ್ ಕೊಟ್ರೂ ನನ್ ಮೋಟ್ರು ನನ್ ಮಾತೇ ಕೇಳಕಿಲ್ಲ. ಎಂಡ್ರುನ್ ಥರಾ ಆಗೋಗದೆ," ಎಂದ. ಅವನ ಹಿಂದೆಯೇ ನಿಂತಿದ್ದ ಹೆಂಡತಿ, "ನಿನ್ ಮಾತು ಮೋಟ್ರಾದ್ರೂ ಕೇಳ್ತಿತ್ತಾ ಮೊದ್ಲು?" ಎಂದಳು. ಅವತ್ತು ಕಚೇರಿಯಲ್ಲಿ ಯಾರೂ ಕೆಲಸ ಮಾಡಲಿಲ್ಲ.

ಹೀಗೆ ನಗುತ್ತಾ ನಗುತ್ತಾ ಸರದಿ ಅಂತರಸಂತೆಯ ಕಡೆಗೆ ಬಂತು. ಅಳತೆಗೆ ಬಂದ ಗುತ್ತಿಗೆ ತಂಡದವರು ಹೊಸ ಫೋನುಗಳನ್ನು ಕಾರಿನಲ್ಲಿಟ್ಟುಕೊಂಡು ರಸ್ತೆಯುದ್ದಕ್ಕೂ ಓಡಾಡಿದರು. ಪರದೆಯ ಮೇಲೆ ಎಲ್ಲ ಹಸಿರು. ಹಸಿರು ಕಂಡರೆ ಬೆಳೆ ಚೆನ್ನಾಗಿದೆ ಎಂದೇ ಯೋಜನೆಯವರು ತಿಳಿಯುತ್ತಾರೆ. ಕೆಳಗಿನ ಅಲೆಯಲ್ಲಿದ್ದ 2ಜಿ ಸಾಲುಗಳೆಲ್ಲ 4ಜಿಗೆ ಹೋದವು. ಹಳೆಯ ಫೋನುಗಳಿಗೆ ಮೇಲಿನ ಅಲೆಯಲ್ಲಿ ಒಂದಿಷ್ಟು ಉಳಿಯಿತು. ಅದು ನಿಂಗಮ್ಮನ ಊರಿನ ಹೊಸ್ತಿಲಿಗೂ ಮುಟ್ಟಲಿಲ್ಲ.

ಮುಂದಿನದನ್ನು ನನಗೆ ಜವರಪ್ಪನೇ ಹೇಳಿದ. ಸಾಲು ಅಳಿಸಿದ ಬೆಳಿಗ್ಗೆ ನಿಂಗಮ್ಮನ ರೇಡಿಯೋ ಗುರುಗುಟ್ಟಲಿಲ್ಲ, ಫೋನು ರಿಂಗಾಗಲಿಲ್ಲ. ಮಾರನೆಯ ಬೆಳಿಗ್ಗೆಯೂ ಇಲ್ಲ. ಅವಳಾಗಿ ಒತ್ತಿ ನೋಡಿದರೂ ಫೋನು ಮಾತಾಡಲಿಲ್ಲ. ಇತ್ತ ಜವರಪ್ಪನಿಗೆ 'ವ್ಯಾಪ್ತಿ ಪ್ರದೇಶದ ಹೊರಗೆ' ಎಂಬ ಮಾತು ಕೇಳಿಸಿತು. ಅಕ್ಕ ಮಗಳ ಮನೆಗೆ ಹೋಗಿರಬೇಕು ಎಂದುಕೊಂಡು ಸೊಪ್ಪು ಕೀಳಲು ಹೋದ. ನಿಂಗಮ್ಮನ ಲೆಕ್ಕಾಚಾರ ಬೇರೆ. ರಿಂಗು ಅಂದರೆ ಇದ್ದೀನಿ. ರಿಂಗಿಲ್ಲ ಅಂದರೆ ಇಲ್ಲ.

ಅವಳು ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಸ್ಸು ಹತ್ತಿದಳು. ಹೆಚ್.ಡಿ. ಕೋಟೆಯಲ್ಲಿ ಇಳಿದು ಹೂವಿನ ಹಾರ, ಊದುಕಡ್ಡಿ ಕೊಂಡಳು. ಹುಣಸೂರಿನಲ್ಲಿ ಬಸ್ಸು ಬದಲಿಸಿದಳು. ಊರ ಬಾಗಿಲಿಗೆ ಬರುತ್ತಲೇ ಹಾಡಿಕೊಂಡು ಅಳುತ್ತಾ ನಡೆದಳು. ಅಳುವ ಗಂಟಲು ಗುರುತು ಹಿಡಿದು ಮನೆಯಿಂದ ಮನೆಗೆ ಜನ ಎದ್ದು ಹಿಂದೆ ಬಂದರು. ಯಾರು ಸತ್ತದ್ದು ಎಂದು ಯಾರೂ ಕೇಳಲಿಲ್ಲ. ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಜವರಪ್ಪ ಮನೆಯ ಮುಂದೆ ಕುಳಿತು ಹೊಗೆಸೊಪ್ಪನ್ನು ಕಡ್ಡಿಗೆ ಪೋಣಿಸುತ್ತಿದ್ದ. ಅಕ್ಕ ಅಳುತ್ತಾ ಬರುವುದು ಕಂಡು ಅವನಿಗೂ ಕಣ್ಣೀರು ಉಕ್ಕಿ, ಎದ್ದು ಓಡಿ, ಅವಳನ್ನು ತಬ್ಬಿಕೊಂಡು ಕೇಳಿದನಂತೆ:

"ಅಕ್ಕಾ, ಯಾರಕ್ಕಾ ತೀರ್ಕಂಡೋರು?"

"ನೀನೇ ಕಣ್ಲಾ," ಎಂದಳಂತೆ ನಿಂಗಮ್ಮ, ಅವನ ಭುಜದ ಮೇಲೇ ಅಳುತ್ತಾ.

ಬಂದ ಹೂವು ದಂಡವಾಗಬಾರದೆಂದು ಮನೆಯ ಬಾಗಿಲಿಗೆ ಕಟ್ಟಿದರು. ಊದುಕಡ್ಡಿಯನ್ನು ದೇವರ ಗೂಡಿಗೆ ಹಚ್ಚಿದರು. ಅವತ್ತು ಊರೆಲ್ಲ ಜವರಪ್ಪನನ್ನು 'ತಿಥಿ ಯಾವತ್ಲಾ' ಎಂದು ಆಡಿಕೊಂಡಿತು. ಅವನು ಈಗಲೂ ಆ ಕಥೆಯನ್ನು ನಗುತ್ತಾ ಶುರು ಮಾಡುತ್ತಾನೆ. ಅಕ್ಕ ತನ್ನ ಭುಜ ಮುಟ್ಟಿ ಮುಟ್ಟಿ ನೋಡಿದಳು ಎನ್ನುವಲ್ಲಿಗೆ ಬಂದಾಗ ಬೀಡಿ ಹಚ್ಚಿಕೊಳ್ಳುತ್ತಾನೆ.

ಮರುದಿನ ಅಕ್ಕ ತಮ್ಮ ಇಬ್ಬರೂ ನಮ್ಮ ಕಚೇರಿಗೆ ಬಂದರು. ನಿಂಗಮ್ಮ ಶ್ರೀಕಂಠಯ್ಯನವರ ಮೇಜಿನ ಮೇಲೆ ಫೋನಿಟ್ಟು ನಿಂತಳು.

"ಸ್ವಾಮಿ, ಹೊಸದು ಹಾಕ್ಕಳಿ, ನಾನ್ ಬ್ಯಾಡ ಅನ್ನಕಿಲ್ಲ. ನಮ್ಮ ಊರ್ ಮಕ್ಳು ಅದ್ರಲ್ಲೇ ಓದ್ತವೆ. ಆದ್ರೆ ನನ್ ತಮ್ಮ ಬರೋ ದಾರಿ ಯಾಕ್ ಮುಚ್ಚುದ್ರಿ?"

ಶ್ರೀಕಂಠಯ್ಯನವರು ನನ್ನ ಮುಖ ನೋಡಿದರು. ನಾನು ಅವಳ ಮುಖ ನೋಡಿದೆ. ಬಾಯಿಂದ ತಾನಾಗಿ ಬಂತು:

"ಸಾರ್, ಅಕ್ಕಡಿ ಬುಡದೆ ಬಿತ್ತಿದ್ದಾರೆ."

"ಏನಂದ್ರಿ?"

ಗದ್ದೆಯವರಿಗೆ ಅಕ್ಕಡಿ ಗೊತ್ತಿಲ್ಲ, ಭತ್ತದ ನಡುವೆ ಸಾಲು ಬಿಡುವ ರೂಢಿಯಿಲ್ಲ. ನಾನು ಅವರ ಮೇಜಿನ ಮೇಲೆ ಬೆರಳಿಂದ ಸಾಲು ಎಳೆದು ತೋರಿಸಿದೆ. ಇದು 4ಜಿಯ ಪಟ್ಟೆ, ಪೂರ್ತಿ ರಾಗಿ. ಅಂಚಿನಲ್ಲಿ ಒಂದು ಬದು. ಬದುವಿನ ಆಚೆ ಕೆಳಗಿನ ಅಲೆಯಲ್ಲೇ 2ಜಿಗೆ ಎರಡು ಮೂರು ಸಾಲು ಉಳಿಸೋಣ, ಪಟ್ಟೆ ಆ ಒಂದು ಟವರಿನಲ್ಲಿ ಸ್ವಲ್ಪ ಸಣ್ಣದಾಗಲಿ. ನಾನು ಅಜ್ಜಿಯ ಮಾತನ್ನು 'ಅಕ್ಕಡಿ ಬುಡದ ವಲ' ಎಂದು ಶುರು ಮಾಡಿದ್ದೇ ತಡ, ನಿಂಗಮ್ಮ, "ಅಕ್ಕ ಬರದ ತೌರು," ಎಂದು ಮುಗಿಸಿದಳು. ಆ ಮಾತು ನಮ್ಮಜ್ಜಿಯೊಬ್ಬಳದೇ ಎಂದು ಅಲ್ಲಿಯವರೆಗೆ ನಾನು ನಂಬಿದ್ದೆ.

ಮೇಲಿನವರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಶ್ರೀಕಂಠಯ್ಯನವರು ಫೋನಿನಲ್ಲಿ, "ಇಲ್ಲ ಸಾರ್, ತಾಂತ್ರಿಕ ಹೆಸರು ಏನಾದ್ರೂ ಇರ್ಲಿ, ನಮ್ಮ ಕಡೆ ಅಕ್ಕಡಿ ಅಂತೀವಿ," ಎಂದು ಹೇಳುವುದು ನನ್ನ ಕಿವಿಗೆ ಬೀಳುತ್ತಿತ್ತು. ಹುಟ್ಟಿನಿಂದ ಹೊಲದವರ ಹಾಗೆ ಹೇಳುತ್ತಿದ್ದರು. ಕೊನೆಗೆ ಒಪ್ಪಿಗೆ ಬಂತು. ಸಾಲುಗಳು ಮರಳಿ ಬಂದ ಬೆಳಿಗ್ಗೆ ನಾನು ಬೇಕೆಂದೇ ನಿಂಗಮ್ಮನ ಜಗಲಿಯ ಮೇಲಿದ್ದೆ. ರೇಡಿಯೋ ಟಕಟಕ ಎಂದಿತು. ಅವಳು ಕೈ ಒರೆಸಿಕೊಂಡು ಕಿಟಕಿಯ ಕೆಳಗೆ ಹೋಗಿ ಕುಳಿತಳು. ಆ ದಿನ ನನಗೆ ಅವರೆಕಾಳಿನ ಸಾರು, ಮುದ್ದೆ.

ಅಕ್ಕಡಿಗೆ ಬೆಲೆಯಿತ್ತು, ಅದನ್ನೂ ಹೇಳಬೇಕು. ಪಟ್ಟೆ ಸಣ್ಣದಾದ್ದರಿಂದ ಆ ಊರಿನಲ್ಲಿ ಇಂಟರ್ನೆಟ್ ನಿಧಾನ. ಕಾಲೇಜಿಗೆ ಹೋಗುವ ಮಕ್ಕಳು ನನ್ನನ್ನು ಕಂಡಾಗಲೆಲ್ಲ, "ಅಣ್ಣಾ, ಅಜ್ಜಿಗೆ ಒಂದು ರಿಂಗ್ ಬರೋಕೆ ನಮ್ ಪಾಠ ಎಲ್ಲ ರಂಕಲರಾಟೆ ಥರ ಸುತ್ತುತ್ತಲ್ಲ," ಎನ್ನುತ್ತಿದ್ದರು. ಅವರ ಮಾತೂ ನಿಜ. ಹೊಲ ಒಂದೇ, ಉಣ್ಣುವವರು ಎರಡು ಪಂಕ್ತಿ. ನಮ್ಮ ಕೆಲಸದ ಕಷ್ಟವೆಲ್ಲ ಅಷ್ಟೆ, ಉಳಿದದ್ದು ಕೇಬಲ್ಲು.

ಕಚೇರಿಯಲ್ಲಿ ಆ ಹೆಸರು ನಿಂತುಬಿಟ್ಟಿತು. ಉಳಿಸಿದ 2ಜಿ ಸಾಲಿಗೆಲ್ಲ ಅಕ್ಕಡಿ ಎಂದೇ ಅನ್ನತೊಡಗಿದರು. ನಾನು ನಿವೃತ್ತನಾದೆ. ಶ್ರೀಕಂಠಯ್ಯನವರು ಈಗಿಲ್ಲ. ಬೀರುವಿನಂಥ ಪೆಟ್ಟಿಗೆಗಳು ಹೋಗಿ, ಕಂಬದ ಮೇಲೆ ನೇತುಹಾಕುವ ಸೂಟ್‌ಕೇಸಿನಷ್ಟು ಯಂತ್ರ ಬಂತು. ಅದು ಯಾವ ಬೆಳೆಯನ್ನು ಬೇಕಾದರೂ ಬೆಳೆಯುತ್ತದೆ. ಮೈಸೂರಿನಲ್ಲಿ ಕುಳಿತು ಗುಂಡಿ ಒತ್ತಿದರೆ ಕಾಕನಕೋಟೆಯ ಅಂಚಿನಲ್ಲಿ ಹೊಲ ಬದಲಾಗುತ್ತದೆ. ಜಾಣತನದ ಯಂತ್ರ. ಬಾಗಿಲಿಲ್ಲ, ಒಳಗೆ ಬೆಚ್ಚಗಿನ ಗಾಳಿಯಿಲ್ಲ, ಅಷ್ಟೆ.

ಹೋದ ವರ್ಷ ಸೌಮ್ಯ ಎಂಬ ಹುಡುಗಿ ಫೋನ್ ಮಾಡಿದಳು. ನಾನು ಮಾಡುತ್ತಿದ್ದ ಕೆಲಸ ಈಗ ಅವಳದು.

"ಸಾರ್, ಅಂತರಸಂತೆ ಕಡೆ ಅಕ್ಕಡಿ ತೆಗೀಬೇಕು ಅಂತ ಬಂದಿದೆ. ಆಫೀಸಲ್ಲಿ ಎಲ್ಲರೂ ನಿಮ್ಮನ್ನ ಕೇಳದೆ ಮುಟ್ಟಬೇಡ ಅಂತಾರೆ. ಯಾಕೆ ಸಾರ್, ದೇವರಿದೆಯಾ ಅಲ್ಲಿ?"

"ದೇವರಿಲ್ಲಮ್ಮ. ಒಬ್ಬಳು ಅಕ್ಕ ಇದ್ದಾಳೆ. ನಾನೂ ಬರ್ತೀನಿ ನಡಿ."

ಸೌಮ್ಯ ಮೊದಲಿನವರ ಹಾಗೆ ಕಾರಿನಲ್ಲಿ ಅಳೆಯಲಿಲ್ಲ. ಮನೆಮನೆಗೆ ಹೋಗಿ ಹಳೆಯ ಫೋನು ಯಾರ ಬಳಿ ಇದೆ ಎಂದು ಕೇಳಿದಳು. ಉಳಿದಿದ್ದವರು ಬೆರಳೆಣಿಕೆಯಷ್ಟು. ಅವರಿಗೆಲ್ಲ ಗುಂಡಿಗಳಿರುವ, ಆದರೆ 4ಜಿ ಹಿಡಿಯುವ ಫೋನು ಹೊಂದಿಸಿ, ಸಿಮ್ ಬದಲಿಸಿ, ಅದು ಕೆಲಸ ಮಾಡುತ್ತದೆಂದು ನೋಡಿಕೊಂಡ ಮೇಲೆಯೇ ಅಕ್ಕಡಿ ತೆಗೆಯುವುದು ಎಂದು ಹಟ ಹಿಡಿದಳು. ನನಗೆ ಹೇಳಿಕೊಡಲು ಏನೂ ಉಳಿದಿರಲಿಲ್ಲ. ಅದೂ ಒಂದು ತರಹದ ಸಂಕಟ.

ನಿಂಗಮ್ಮನಿಗೆ ಈಗ ಬೆನ್ನು ಬಾಗಿದೆ. ಹೊಸ ಫೋನನ್ನು ಅದೇ ಗೂಡಿನಲ್ಲಿ, ಅದೇ ರೇಡಿಯೋಗೆ ಒತ್ತಿ ಇಟ್ಟಳು. ಜವರಪ್ಪನಿಗೆ ನಾನೇ ಹೇಳಿ ಒಂದು ರಿಂಗು ಕೊಡಿಸಿದೆ. ರೇಡಿಯೋದಲ್ಲಿ ಹಾಡು ಬರುತ್ತಲೇ ಇತ್ತು, ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಫೋನು ರಿಂಗಾಗಿ ನಿಂತಿತು. ನಿಂಗಮ್ಮ ಬೆಚ್ಚಿಬಿದ್ದು ನನ್ನ ಕಡೆ ತಿರುಗಿದಳು.

"ಇದೇನ್ ತಮ್ಮಯ್ಯ, ಯೋಳ್ದೆ ಕೇಳ್ದೆ ಬಂದ್ಬುಟ್ಟ?"

ಸೌಮ್ಯ ಅವಳ ಪಕ್ಕ ಕುಳಿತು ಹೇಳಿದಳು: "ಅಜ್ಜಿ, ಹಳೇದು ಬಿಟ್ಟು ಬಿಟ್ಟು ಬಡೀತಿತ್ತು, ಅದಕ್ಕೆ ರೇಡಿಯೋ ಸದ್ದು ಮಾಡ್ತಿತ್ತು. ಇದು ನಾಜೂಕು. ಯಾರಿಗೂ ತೊಂದರೆ ಕೊಡಲ್ಲ."

"ಒರಟಾದ್ರೂ ಅದು ಬಾಗ್ಲು ತಟ್ಟಿ ಬತ್ತಿತ್ತು ಕಣವ್ವ," ಎಂದಳು ನಿಂಗಮ್ಮ. "ತಮ್ಮ ಬರೋದು ಒಂದು ಚಣ. ಬತ್ತಾವ್ನೆ ಅಂತ ಕಾಯೋದೇ ನಂಗೆ ತೌರು."

ಅಕ್ಕಡಿ ಹೋಯಿತು. ಊರಿನ ಮಕ್ಕಳ ಪಾಠ ಸುತ್ತುವುದು ನಿಂತಿತು. ಮನೆಗೆ ಬಂದು ನನ್ನ ಫೋನನ್ನು ರೇಡಿಯೋ ಪಕ್ಕ ಇಟ್ಟು, ಹೆಂಡತಿಯ ಫೋನಿನಿಂದ ಕರೆ ಮಾಡಿ ನೋಡಿದೆ. ರೇಡಿಯೋ ಸುಮ್ಮನೆ ಹಾಡುತ್ತಿತ್ತು. ಆ ಗುರುಗುಟ್ಟುವಿಕೆಯನ್ನು ತೊಂದರೆ ಎಂದು ಕರೆದು ತೆಗೆಯಲು ನಾವು ಎಷ್ಟು ಕಾಲ ಹೆಣಗಿದ್ದೆವು. ಈಗ ಅದು ಯಾವ ಊರಿನಲ್ಲೂ ಕೇಳದಂತಾಗುವ ದಿನ ಹತ್ತಿರ ಬಂದಾಗ, ಒಂದು ಸಲ ಕೇಳಿಸಿದ್ದರೆ ಎಂದು ಕಿವಿ ಕೊಟ್ಟು ಕೂತಿದ್ದೆ. "ಯಾರ್ ಫೋನ್‌ಗೆ ಕಾಯ್ತಿದ್ದೀರಿ?" ಎಂದು ಹೆಂಡತಿ ಕೇಳಿದಳು. ಶ್ರೀಕಂಠಯ್ಯನವರದು ಎನ್ನಬೇಕೆನಿಸಿತು; ರೇಡಿಯೋ ಆರಿಸಿ ಎದ್ದೆ.

ಮೊನ್ನೆ ಅವರೆಕಾಯಿ ಸುಗ್ಗಿಯಲ್ಲಿ ಸೌಮ್ಯ ಆ ಕಡೆಯ ಟವರುಗಳನ್ನು ನೋಡಲು ಹೊರಟಿದ್ದಳು. ನಾನೂ ಕಾರು ಹತ್ತಿದೆ. ನಿಂಗಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಮುಖದಲ್ಲಿ ಹೋದ ಸಲದ ಮಂಕು ಇರಲಿಲ್ಲ. ನಾವು ಕುಳಿತು ನೀರು ಕುಡಿಯುವಷ್ಟರಲ್ಲಿ ಫೋನು ಒಂದು ಸಲ ರಿಂಗಾಗಿ ನಿಂತಿತು.

ನಿಂಗಮ್ಮ ಫೋನಿನ ಕಡೆ ನೋಡಲೂ ಇಲ್ಲ. ತಿರುಗಿಸಿ ರಿಂಗು ಕೊಡಲೂ ಇಲ್ಲ. ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿ, ನಿಧಾನವಾಗಿ ಎದ್ದು, ಕಿಟಕಿಯ ಕೆಳಗೆ ಹೋಗಿ ಕುಳಿತಳು.

"ಅಜ್ಜಿ, ರಿಂಗ್ ಬಂತಲ್ಲ. ವಾಪಸ್ ಕೊಡಲ್ವ?" ಎಂದಳು ಸೌಮ್ಯ.

"ಸುಮ್ಕಿರವ್ವ," ಎಂದಳು ನಿಂಗಮ್ಮ. "ಈ ಮೊದ್ಲುನೇ ರಿಂಗು ತಮ್ಮ ಒಂಟಿದ್ದು. ಇನ್ನೂ ದಾರೀಲವ್ನೆ. ಬರ್ಲಿ ತಡಿ."